ಸರ್ಕಾರಿ ಬಾಂಡ್‌ನ ಬಡ್ಡಿ ಇಳಿದಾಗ ಹಣ ಎಲ್ಲಿಡುವುದು?

‘ಸರ್ಕಾರಿ ಬಾಂಡ್ ಈಗ ಶೇ. 4 ಮಾತ್ರ ಕೊಡುತ್ತಿದೆ. ನನಗೆ ಶೇ. 7 ಬೇಕು. ಎಲ್ಲಿ ಹಾಕಲಿ?’ ಬಡ್ಡಿದರ ಇಳಿದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಪ್ರಶ್ನೆ ಸಹಜವೇ. ಆದರೆ ಆ ಏಳು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಳ್ಳಿ. ಹಿಂದೊಮ್ಮೆ ಸಿಗುತ್ತಿತ್ತು, ಮನೆಯ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಂಡಿದ್ದೆವು, ಅಷ್ಟೇ. ನಿಮ್ಮ ಮನೆಯ ಲೆಕ್ಕ ಮಾರುಕಟ್ಟೆಗೆ ಗೊತ್ತಿರುವುದಿಲ್ಲ.

ಉಳಿದೆಲ್ಲ ದರಗಳನ್ನು ಅಳೆಯುವುದು ಸರ್ಕಾರಿ ಬಾಂಡ್‌ನ, ಅಂದರೆ ಸರ್ಕಾರಿ ಸಾಲಪತ್ರದ, ದರದಿಂದಲೇ. ಬ್ಯಾಂಕ್ ಠೇವಣಿ, ಕಂಪನಿ ಬಾಂಡ್, ವಿಮಾ ಕಂಪನಿಯ ಪಿಂಚಣಿ, ಎಲ್ಲವೂ ಅದರ ಮೇಲೆ ಇಷ್ಟು, ಅದರ ಕೆಳಗೆ ಇಷ್ಟು ಎಂದು ನಿಗದಿಯಾಗುತ್ತವೆ. ಅದು ಇಳಿದರೆ ಇವೂ ಇಳಿಯುತ್ತವೆ. ಹಾಗಿರುವಾಗ ಸರ್ಕಾರ ನಾಲ್ಕು ಕೊಡುವ ಹೊತ್ತಿನಲ್ಲಿ ಯಾರೋ ಏಳು ಕೊಡುತ್ತಾರೆ ಎಂದರೆ, ಆ ಹೆಚ್ಚಿನ ಮೂರು ಯಾವುದೋ ಕೆಲಸದ ಕೂಲಿ. ಆ ಕೆಲಸ ಯಾವುದು, ಕೂಲಿ ಸರಿಯಾಗಿದೆಯೇ, ಅದನ್ನು ಮಾಡುವ ಶಕ್ತಿ ನಿಮಗಿದೆಯೇ? ಇವತ್ತು ನಾನು ಹೇಳಬೇಕೆಂದಿರುವುದು ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಕಡಿಮೆ ಬಡ್ಡಿ ಅಪರೂಪದ ವಿದ್ಯಮಾನವೇನಲ್ಲ. ಬ್ಯಾಂಕ್ ಆಫ್ ಜಪಾನ್ 1999ರಲ್ಲೇ ಶೂನ್ಯ ಬಡ್ಡಿಗೆ ಇಳಿಯಿತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2008ರ ಡಿಸೆಂಬರ್‌ನಲ್ಲಿ ತನ್ನ ದರವನ್ನು ಶೇ. 0–0.25ಕ್ಕೆ ತಂದಿತು. ಯುರೋಪಿನ ಕೇಂದ್ರ ಬ್ಯಾಂಕ್ 2014ರ ಜೂನ್‌ನಲ್ಲಿ ಶೂನ್ಯಕ್ಕಿಂತ ಕೆಳಗೇ ಹೋಯಿತು. ಇನ್ನೂ ಹಿಂದೆ ಹೋಗೋಣ. 1888ರಲ್ಲಿ ಬ್ರಿಟನ್ ಸರ್ಕಾರ ತನ್ನ ಶೇ. 3ರ ಕನ್ಸಾಲ್ ಸಾಲಪತ್ರಗಳನ್ನು ಶೇ. 2.75ಕ್ಕೆ ಇಳಿಸಿತು, ಮುಂದೆ ಅದು 2.5 ಆಗುತ್ತದೆ ಎಂದೂ ಆಗಲೇ ಬರೆದಿಟ್ಟಿತು. ಅದೇ ವರ್ಷಗಳಲ್ಲಿ ಲಂಡನ್ನಿನ ಹಣ ಅರ್ಜೆಂಟೀನಾದ ಸಾಲಪತ್ರಗಳತ್ತ ಧಾರಾಳವಾಗಿ ಹರಿಯುತ್ತಿತ್ತು. 1890ರ ನವೆಂಬರ್‌ನಲ್ಲಿ ಆ ಪತ್ರಗಳನ್ನು ಮಾರಿಕೊಟ್ಟ ಬೇರಿಂಗ್ಸ್ ಬ್ಯಾಂಕ್ ಮುಳುಗುವ ಹಂತಕ್ಕೆ ಬಂದಾಗ ಬ್ಯಾಂಕ್ ಆಫ್ ಇಂಗ್ಲೆಂಡ್ ಮುಂದೆ ನಿಂತು ಕೈಹಿಡಿಯಬೇಕಾಯಿತು. ಶೇಕಡಾ ಕಾಲು ಅಂಶದ ಬಡ್ಡಿ ಕೈತಪ್ಪಿದರೆ ಮನುಷ್ಯ ಎಷ್ಟು ದೂರ ನಡೆಯುತ್ತಾನೆ ನೋಡಿ.

ಮೊದಲ ಲೆಕ್ಕ ಹಣದುಬ್ಬರದ್ದು. ಬಡ್ಡಿ ಶೇ. 4, ಅದರ ಮೇಲೆ ಶೇ. 20 ತೆರಿಗೆ, ಬೆಲೆ ಏರಿಕೆ ಶೇ. 5.5 ಎಂದಿಟ್ಟುಕೊಳ್ಳಿ. ತೆರಿಗೆ ಕಳೆದರೆ ಕೈಗೆ ಬರುವುದು 3.2. ಈಗ 1.032ನ್ನು 1.055ರಿಂದ ಭಾಗಿಸಿ, 0.978 ಬರುತ್ತದೆ. ಅಂದರೆ ವರ್ಷಕ್ಕೆ ಶೇ. 2.2ರಷ್ಟು ಕೊಳ್ಳುವ ಶಕ್ತಿ ಕರಗುತ್ತಿದೆ. ಹತ್ತು ವರ್ಷ ಹೀಗೇ ನಡೆದರೆ ಇಂದಿನ 100 ಆಗ 80ಕ್ಕೆ ಸಮ. ಪಾಸ್‌ಬುಕ್ಕಿನಲ್ಲಿ ಮಾತ್ರ ಅದು 137 ಎಂದು ಕಾಣುತ್ತಿರುತ್ತದೆ.

ಹಾಗಂತ ಹಳೆಯ ಕಾಲದ ದೊಡ್ಡ ಬಡ್ಡಿಯನ್ನು ನೆನೆದು ಕೊರಗಬೇಕಿಲ್ಲ. 1980ರಲ್ಲಿ ಅಮೆರಿಕದ ಮೂರು ತಿಂಗಳ ಟ್ರೆಜರಿ ಬಿಲ್ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಸರಾಸರಿ ಶೇ. 11ಕ್ಕೂ ಹೆಚ್ಚು ಕೊಟ್ಟಿತು. ಆ ವರ್ಷದ ಹಣದುಬ್ಬರ ಶೇ. 13.5. ಹನ್ನೊಂದು ಪಡೆದವರೂ ಬಡವರಾದರು. ಬಡ್ಡಿ ಕಡಿಮೆ ಎನ್ನುವಾಗ ಹಣದುಬ್ಬರದ ಜೊತೆ ಇಟ್ಟು ನೋಡಿ. ಬೆಲೆ ಏರಿಕೆ ಶೇ. 2 ಇರುವಲ್ಲಿ ಶೇ. 4 ಒಳ್ಳೆಯ ಬಡ್ಡಿಯೇ.

ಈಗ ಹಣವನ್ನು ಗುಂಪು ಮಾಡಿ. ಎಲ್ಲಿ ಹಾಕಬೇಕು ಎನ್ನುವುದಕ್ಕಿಂತ ಮೊದಲು ಯಾವಾಗ ಬೇಕು ಎಂದು ಬರೆಯಿರಿ. ಒಂದು ವರ್ಷದೊಳಗೆ ಬೇಕಾಗುವುದು ಮತ್ತು ಆಪತ್ತಿಗೆಂದು ಇಟ್ಟ ಆರು ತಿಂಗಳ ಖರ್ಚು ಒಂದು ಗುಂಪು. ಒಂದರಿಂದ ಐದು ವರ್ಷದೊಳಗಿನದು ಇನ್ನೊಂದು. ಅದರಾಚೆಯದು ಮೂರನೆಯದು.

ಹೆಚ್ಚಿನ ಜನ ಎಡವುವುದು ಮೊದಲ ಗುಂಪಿನಲ್ಲಿ. ‘ಸುಮ್ಮನೆ ಬಿದ್ದಿದೆಯಲ್ಲ, ಅರ್ಧ ಪರ್ಸೆಂಟ್ ಜಾಸ್ತಿ ಬರಲಿ’ ಎಂಬ ಆಸೆ. ಅಮೆರಿಕದ ರಿಸರ್ವ್ ಪ್ರೈಮರಿ ಫಂಡ್ ಎಂಬುದು ಜನ ನಗದಿನಷ್ಟೇ ಸುರಕ್ಷಿತ ಎಂದು ನಂಬಿದ್ದ ನಿಧಿ. ತುಸು ಹೆಚ್ಚು ಆದಾಯಕ್ಕಾಗಿ ಅದು ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕಿನ ಅಲ್ಪಾವಧಿ ಸಾಲಪತ್ರಗಳನ್ನು ಇಟ್ಟುಕೊಂಡಿತ್ತು, ಒಟ್ಟು 78.5 ಕೋಟಿ ಡಾಲರಿನಷ್ಟು. 2008ರ ಸೆಪ್ಟೆಂಬರ್ 15ರಂದು ಲೇಮನ್ ದಿವಾಳಿಯಾಯಿತು. ಮರುದಿನ ಈ ನಿಧಿಯ ಒಂದು ಡಾಲರಿನ ಯೂನಿಟ್ 97 ಸೆಂಟಿಗೆ ಇಳಿಯಿತು. ಮೂರು ಸೆಂಟ್ ಸಣ್ಣದೇ. ಆದರೆ ಹಣ ತೆಗೆಯುವುದಕ್ಕೇ ತಡೆ ಬಿತ್ತು. ನಾಳೆ ಬೇಕಾದ ಹಣಕ್ಕೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದ್ದರಿಂದ ಮೊದಲ ಗುಂಪಿಗೆ ಟ್ರೆಜರಿ ಬಿಲ್ ಅಥವಾ ಠೇವಣಿ ವಿಮೆಯ ಮಿತಿಯೊಳಗಿನ ಬ್ಯಾಂಕ್ ಠೇವಣಿ ಸಾಕು. ವಿಮೆಯ ಮಿತಿ ನೋಡುವಾಗ ಅಸಲಿನ ಜೊತೆ ಬಡ್ಡಿಯೂ ಅದರೊಳಗೆ ಬರಬೇಕೇ, ಒಂದೇ ಬ್ಯಾಂಕಿನ ಎರಡು ಶಾಖೆಗಳನ್ನು ಒಂದೇ ಎಂದು ಎಣಿಸುತ್ತಾರೆಯೇ ಎಂದು ವಿಚಾರಿಸಿಕೊಳ್ಳಿ.

ಇಲ್ಲೊಂದು ಲೆಕ್ಕ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ಹತ್ತು ವರ್ಷದಲ್ಲಿ 1,000 ಕೂಡಿಸಬೇಕು. ಶೇ. 7 ಸಿಕ್ಕರೆ ಪ್ರತಿ ವರ್ಷದ ಕೊನೆಗೆ 72.4 ಕಟ್ಟಿದರೆ ಸಾಕು. ಶೇ. 4 ಆದರೆ 83.3 ಬೇಕು. ಅಂದರೆ ಉಳಿತಾಯವನ್ನು ಶೇ. 15ರಷ್ಟು ಹೆಚ್ಚಿಸಿದರೆ ಕಳೆದುಹೋದ ಮೂರು ಅಂಶ ವಾಪಸ್ ಬಂದಂತೆ, ಅದೂ ಯಾವ ಅಪಾಯವೂ ಇಲ್ಲದೆ. ಇದನ್ನೇ 25 ವರ್ಷಕ್ಕೆ ಹಾಕಿ: 15.8 ಎದುರು 24. ಈಗ ಶೇ. 52 ಹೆಚ್ಚು ಉಳಿಸಬೇಕು. ಗುರಿ ಹತ್ತಿರವಿದ್ದಷ್ಟೂ ದರ ಮುಖ್ಯವಲ್ಲ, ನೀವು ಹಾಕುವ ಮೊತ್ತವೇ ಮುಖ್ಯ. ಗುರಿ ದೂರವಾದಂತೆ ದರದ ಮಾತು ತೂಕ ಪಡೆಯುತ್ತದೆ. ಮೂರು ವರ್ಷದಲ್ಲಿ ಬೇಕಾದ ಹಣಕ್ಕೆ ಹೆಚ್ಚಿನ ಬಡ್ಡಿ ಹುಡುಕುತ್ತ ಅಲೆಯುವವರಿಗೆ ನನ್ನ ಉತ್ತರ ಇದೇ.

ಇನ್ನೊಂದು, ನಿಮ್ಮ ಹೆಸರಿನಲ್ಲಿ ಸಾಲವಿದೆಯೇ? ಶೇ. 9ರ ಸಾಲ ಕಟ್ಟುತ್ತ ಶೇ. 4ರ ಬಾಂಡ್ ಇಟ್ಟುಕೊಂಡವರು ಬಹಳ. ಸಾಲ ತೀರಿಸಿದರೆ ಸಿಗುವುದು ಖಚಿತವಾದ ಒಂಬತ್ತು, ಅದಕ್ಕೆ ತೆರಿಗೆಯೂ ಇಲ್ಲ. ಸರ್ಕಾರಿ ಬಾಂಡ್‌ನಷ್ಟೇ ಖಾತರಿಯಿರುವ ಇಂಥ ಹೂಡಿಕೆ ಮಾರುಕಟ್ಟೆಯಲ್ಲಿ ಯಾರೂ ಮಾರುವುದಿಲ್ಲ, ಏಕೆಂದರೆ ಅದನ್ನು ಮಾರಿದವರಿಗೆ ಕಮಿಷನ್ ಸಿಗುವುದಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ, ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತಿದೆಯೇ ಎಂಬುದನ್ನು ಕಳೆದು ಲೆಕ್ಕ ಹಾಕಿ. ಆಪತ್ತಿನ ಹಣವನ್ನು ಮಾತ್ರ ಇದಕ್ಕೆ ಸುರಿಯಬೇಡಿ.

ಇನ್ನು ಕೂಲಿಯ ವಿಚಾರ. ಮೊದಲನೆಯದು ಕಾಲದ ಕೂಲಿ: ಹಣವನ್ನು ಹೆಚ್ಚು ವರ್ಷ ಕಟ್ಟಿಹಾಕುವುದು. ಶೇ. 4 ಕೂಪನ್‌ನ (ಮುಖಬೆಲೆಯ ಮೇಲೆ ಪ್ರತಿ ವರ್ಷ ಕೊಡುವ ನಿಗದಿತ ಬಡ್ಡಿ), 100 ಮುಖಬೆಲೆಯ ಬಾಂಡ್ ತೆಗೆದುಕೊಂಡಿದ್ದೀರಿ. ಮರುದಿನವೇ ಮಾರುಕಟ್ಟೆ ದರ ಐದಕ್ಕೆ ಏರಿತು. ಹೊಸ ಬಾಂಡ್ ಐದು ಕೊಡುವಾಗ ನಿಮ್ಮ ನಾಲ್ಕರದ್ದನ್ನು ಪೂರ್ತಿ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಒಂದು ವರ್ಷದ ಬಾಂಡ್ ಆದರೆ ಬೆಲೆ 99. ಹತ್ತು ವರ್ಷದ್ದಾದರೆ 92.3. ಮೂವತ್ತು ವರ್ಷದ್ದಾದರೆ 84.6, ಹತ್ತಿರ ಹತ್ತಿರ ನಾಲ್ಕು ವರ್ಷದ ಬಡ್ಡಿ ಒಂದೇ ಏಟಿಗೆ ಹೋಯಿತು. ಕೂಪನ್ ಚಿಕ್ಕದಾದಷ್ಟೂ ಈ ಪೆಟ್ಟು ಜೋರು, ಏಕೆಂದರೆ ಬರಬೇಕಾದ ಹಣದ ಬಹುಪಾಲು ಕೊನೆಯಲ್ಲಿರುತ್ತದೆ. ಆಸ್ಟ್ರಿಯಾ ಸರ್ಕಾರ 2020ರಲ್ಲಿ ನೂರು ವರ್ಷದ ಬಾಂಡ್ ಬಿಟ್ಟಿತು, ಕೂಪನ್ ಶೇ. 0.85. ದರಗಳು ಏರಿದಾಗ ಅದರ ಬೆಲೆ ಮುಖಬೆಲೆಯ ಅರ್ಧಕ್ಕಿಂತ ಕೆಳಗೆ ಬಿತ್ತು. ಆಸ್ಟ್ರಿಯಾ ಒಂದು ಕಂತೂ ತಪ್ಪಿಸಲಿಲ್ಲ.

‘ಸರ್ಕಾರಿ ಪತ್ರ, ಅದಕ್ಕೇನು ಭಯ’ ಎನ್ನುವವರು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಕಥೆ ನೋಡಬೇಕು. ಬಡ್ಡಿ ತಳದಲ್ಲಿದ್ದಾಗ ಅದು ಠೇವಣಿದಾರರ ಹಣವನ್ನು ದೀರ್ಘಾವಧಿಯ ಸರ್ಕಾರಿ ಮತ್ತು ಸರ್ಕಾರಿ ಸಂಸ್ಥೆಗಳ ಗೃಹಸಾಲ ಪತ್ರಗಳಲ್ಲಿ ಹಾಕಿತ್ತು. ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ ದರ ಏರಿಸುತ್ತ ಹೋಯಿತು. ಠೇವಣಿದಾರರು ಹಣ ಕೇಳಲು ಬಂದಾಗ ಬ್ಯಾಂಕ್ ಸುಮಾರು 2,100 ಕೋಟಿ ಡಾಲರಿನ ಪತ್ರಗಳನ್ನು ಮಾರಬೇಕಾಯಿತು, 180 ಕೋಟಿ ಡಾಲರ್ ನಷ್ಟಕ್ಕೆ. 2023ರ ಮಾರ್ಚ್ 10ರಂದು ಬಾಗಿಲು ಹಾಕಿತು. ಆ ಪತ್ರಗಳಲ್ಲಿ ಕೆಟ್ಟ ಸಾಲವಿರಲಿಲ್ಲ. ಹಣ ಬೇಕಾದ ದಿನ ಬೇರೆ, ಪತ್ರ ಮುಗಿಯುವ ದಿನ ಬೇರೆ ಆಗಿತ್ತು, ಅಷ್ಟೇ.

ಬಾಂಡ್ ಫಂಡ್ ಕೊಳ್ಳುವವರು ಅದರ ವಿವರಪತ್ರದಲ್ಲಿ ‘ಡ್ಯುರೇಶನ್’ ಎಂಬ ಅಂಕಿ ಹುಡುಕಿ. ಡ್ಯುರೇಶನ್ 7 ಇದ್ದು ದರ ಒಂದು ಅಂಶ ಏರಿದರೆ ಸುಮಾರು ಶೇ. 7 ಬೆಲೆ ಕುಸಿತ. ನಿಮಗೆ ಹಣ ನಾಲ್ಕು ವರ್ಷಕ್ಕೆ ಬೇಕಾದರೆ ಡ್ಯುರೇಶನ್ ನಾಲ್ಕನ್ನು ದಾಟದಿರಲಿ. ಬಿಡಿ ಬಾಂಡ್‌ಗೆ ಮುಗಿಯುವ ದಿನವಿದೆ, ಫಂಡ್‌ಗೆ ಸಾಮಾನ್ಯವಾಗಿ ಇಲ್ಲ. ವರ್ಷ ಕಳೆದಂತೆ ನಿಮ್ಮ ಅವಧಿ ಕಿರಿದಾಗುತ್ತದೆ, ಫಂಡ್‌ನದು ಹಾಗೇ ಉಳಿಯುತ್ತದೆ. ಅದನ್ನು ಸರಿಹೊಂದಿಸುವ ಕೆಲಸ ನಿಮ್ಮದೇ.

ಎರಡನೇ ಗುಂಪಿಗೆ ನಾನು ಮೆಚ್ಚುವ ವಿಧಾನ ಮೆಟ್ಟಿಲು ಜೋಡಣೆ. 500 ಇದೆ ಎನ್ನಿ. ಒಂದು, ಎರಡು, ಮೂರು, ನಾಲ್ಕು, ಐದು ವರ್ಷದ ಸರ್ಕಾರಿ ಪತ್ರಗಳಲ್ಲಿ ತಲಾ 100 ಹಾಕಿ. ಪ್ರತಿ ವರ್ಷ ಒಂದು ಮುಗಿಯುತ್ತದೆ. ಬೇಕಿದ್ದರೆ ಖರ್ಚಿಗೆ, ಬೇಡವಾದರೆ ಮತ್ತೆ ಐದು ವರ್ಷದ ಪತ್ರಕ್ಕೆ. ಐದನೇ ವರ್ಷದಿಂದಾಚೆಗೆ ನಿಮ್ಮ ಕೈಯಲ್ಲಿರುವುದೆಲ್ಲ ಐದು ವರ್ಷದ ದರ ಗಳಿಸುವ ಪತ್ರಗಳೇ, ಆದರೂ ಪ್ರತಿ ವರ್ಷ ಐದನೇ ಒಂದು ಪಾಲು ಕೈಗೆ ಬರುತ್ತಿರುತ್ತದೆ. ದರ ಏರಿದರೆ ಹೊಸ ಮೆಟ್ಟಿಲು ಹೆಚ್ಚು ಗಳಿಸುತ್ತದೆ, ಇಳಿದರೆ ಹಳೆಯವು ಕಾಯುತ್ತವೆ. ಬಡ್ಡಿ ಎತ್ತ ಹೋಗುತ್ತದೆ ಎಂದು ಊಹಿಸುವ ತಲೆನೋವಿಲ್ಲ. ಕೆಡುವುದು ಹೀಗೆ: ‘ಈಗ ದರ ತೀರಾ ಕಡಿಮೆ, ಏರಿದ ಮೇಲೆ ಹಾಕೋಣ’ ಎಂದು ಮುಗಿದ ಮೆಟ್ಟಿಲಿನ ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡುವುದು. ಎರಡು ವರ್ಷ ಹೀಗೆ ಮಾಡಿದರೆ ಮೆಟ್ಟಿಲೇ ಇರುವುದಿಲ್ಲ.

ಇಲ್ಲಿ ಒಂದು ಬಲೆಯ ಬಗ್ಗೆ ಹೇಳಿಬಿಡುತ್ತೇನೆ. ‘ಹಳೆಯ ಶೇ. 7ರ ಸರ್ಕಾರಿ ಬಾಂಡ್ ಇನ್ನೂ ಸಿಗುತ್ತಿದೆ’ ಎಂದು ಯಾರಾದರೂ ಹೇಳುತ್ತಾರೆ. ಸಿಗುತ್ತದೆ, ಸುಳ್ಳಲ್ಲ. ಆದರೆ ಐದು ವರ್ಷ ಬಾಕಿಯಿರುವ ಆ ಬಾಂಡ್‌ಗೆ, ಮಾರುಕಟ್ಟೆ ದರ ನಾಲ್ಕಿದ್ದಾಗ, ನೀವು ಕೊಡಬೇಕಾದ ಬೆಲೆ 113.4. ಕೊನೆಗೆ ವಾಪಸ್ ಬರುವುದು 100. ವರ್ಷ ವರ್ಷ ಏಳು ಬರುತ್ತದೆ, ಕೊನೆಯಲ್ಲಿ 13.4 ಹೋಗುತ್ತದೆ, ಕೂಡಿ ಕಳೆದರೆ ಅದೇ ಶೇ. 4. ಕೂಪನ್ ಕೇಳಬೇಡಿ, ಅವಧಿ ಮುಗಿಯುವವರೆಗಿನ ಇಳುವರಿ ಎಷ್ಟು ಎಂದು ಕೇಳಿ.

ಎರಡನೆಯದು ಸಾಲ ಮುಳುಗುವ ಅಪಾಯದ ಕೂಲಿ. ಸರ್ಕಾರ ನಾಲ್ಕು, ಕಂಪನಿ ಏಳು. ಹತ್ತು ಕಂಪನಿಗಳ ಬಾಂಡ್‌ಗಳಲ್ಲಿ ತಲಾ 100 ಹಾಕಿದಿರಿ. ವರ್ಷದಲ್ಲಿ ಒಂದು ಮುಳುಗಿತು, ಅದರಿಂದ 40 ಮಾತ್ರ ವಸೂಲಾಯಿತು ಎನ್ನಿ. ಒಂಬತ್ತರಿಂದ ಬಂದ ಬಡ್ಡಿ 63, ಒಂದರಲ್ಲಿ ಹೋದದ್ದು 60. ಸಾವಿರಕ್ಕೆ ಉಳಿದದ್ದು ಮೂರು, ಅಂದರೆ ಶೇ. 0.3. ಸರ್ಕಾರಿ ಪತ್ರದಲ್ಲಿ 40 ಬರುತ್ತಿತ್ತು. ಎರಡು ಮುಳುಗಿದರೆ 56 ಬಡ್ಡಿ, 120 ನಷ್ಟ. ಹತ್ತರ ಬದಲು ಒಂದೇ ಕಂಪನಿಯಲ್ಲಿ ಇಡೀ ಸಾವಿರ ಹಾಕಿದವರ ಕಥೆ ಬೇರೆ ಹೇಳಬೇಕಿಲ್ಲ, ಬಡ್ಡಿಯಾಸೆಗೆ ಅಸಲೂ ಹೋದಂತೆ. ಬಾಂಡ್‌ನಲ್ಲಿ ಗೆದ್ದರೆ ಸಿಗುವುದು ಏಳು, ಸೋತರೆ ಹೋಗುವುದು ಅರುವತ್ತು. ಆದ್ದರಿಂದ ಕಂಪನಿ ಸಾಲವನ್ನು ಬಿಡಿಯಾಗಿ ನಾಲ್ಕಾರು ಕೊಳ್ಳುವುದಕ್ಕಿಂತ, ನೂರಾರು ಬಾಂಡ್‌ಗಳಿರುವ ಕಡಿಮೆ ಶುಲ್ಕದ ಫಂಡ್ ಮೂಲಕ ಹೋಗುವುದು ವಾಸಿ.

ಬಿಡಿಯಾಗಿಯೇ ಕೊಳ್ಳುತ್ತೀರಾದರೆ ದಾಖಲೆಯಲ್ಲಿ ಇಷ್ಟನ್ನಾದರೂ ಓದಿ. ಸಾಲಕ್ಕೆ ಅಡಮಾನವಿದೆಯೇ? ಕಂಪನಿ ಮುಳುಗಿದರೆ ಹಣ ಹಂಚುವ ಸಾಲಿನಲ್ಲಿ ನೀವು ಎಷ್ಟನೆಯವರು? ಮುಗಿಯುವ ದಿನವೇ ಇಲ್ಲದ ಬಾಂಡೇ? ಮತ್ತು ಕಂಪನಿಗೆ ಅವಧಿಗೆ ಮೊದಲೇ ಹಣ ಹಿಂದಿರುಗಿಸುವ ಹಕ್ಕಿದೆಯೇ? ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ದರ ಇಳಿದಾಗ ಕಂಪನಿ ನಿಮ್ಮ ಹಣ ಕೊಟ್ಟು ಕೈತೊಳೆದುಕೊಂಡು ಅಗ್ಗದ ಹೊಸ ಸಾಲ ಎತ್ತುತ್ತದೆ. ದರ ಏರಿದಾಗ ನಿಮ್ಮನ್ನು ಹಾಗೇ ಇಟ್ಟುಕೊಳ್ಳುತ್ತದೆ. ಎರಡು ಕಡೆಯಿಂದಲೂ ಲಾಭ ಅದಕ್ಕೇ. ಇಂಥ ಬಾಂಡ್‌ಗಳ ಇಳುವರಿಯನ್ನು ಎರಡು ರೀತಿ, ಅಂದರೆ ಬೇಗ ಹಿಂದಿರುಗಿಸಿದರೆ ಎಷ್ಟು, ಕೊನೆಯವರೆಗೆ ಇಟ್ಟರೆ ಎಷ್ಟು ಎಂದು ಲೆಕ್ಕ ಹಾಕಿ, ಅದರಲ್ಲಿ ಕಡಿಮೆಯದನ್ನೇ ನಂಬಿ.

ಹಣದುಬ್ಬರಕ್ಕೆ ಜೋಡಿಸಿದ ಸರ್ಕಾರಿ ಪತ್ರಗಳು ಕೆಲವು ದೇಶಗಳಲ್ಲಿವೆ, ಬ್ರಿಟನ್‌ನಲ್ಲಿ 1981ರಿಂದ, ಅಮೆರಿಕದಲ್ಲಿ 1997ರಿಂದ. ಬೆಲೆ ಸೂಚ್ಯಂಕ ಏರಿದಂತೆ ಅಸಲೂ ಏರುತ್ತದೆ. ದೂರದ ಗುರಿಗೆ ಒಳ್ಳೆಯವು. ಆದರೆ 2022ರಲ್ಲಿ ಅಮೆರಿಕದಲ್ಲಿ ಹಣದುಬ್ಬರ ನಲವತ್ತು ವರ್ಷದ ಗರಿಷ್ಠಕ್ಕೆ ಹೋದಾಗ ಈ ಪತ್ರಗಳ ಫಂಡ್ ಹೊಂದಿದ್ದವರು ನಷ್ಟ ಕಂಡು ಕಂಗಾಲಾದರು. ಕಾರಣ ಸರಳ: ಅಸಲು ಏರಿತು ನಿಜ, ಆದರೆ ಹಣದುಬ್ಬರ ಕಳೆದ ನಿಜಬಡ್ಡಿಯೂ ಏರಿತು, ಅವಧಿ ದೀರ್ಘವಿದ್ದದ್ದರಿಂದ ಬೆಲೆ ಬಿತ್ತು. ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವವರಿಗೆ ಮಾತ್ರ ಇವು ಹೇಳಿದ ಮಾತು ಉಳಿಸಿಕೊಳ್ಳುತ್ತವೆ.

ಈಗ ಷೇರು. ‘ಬಡ್ಡಿ ಇಳಿದರೆ ಷೇರು ಏರುತ್ತದೆ’ ಎಂಬ ಸೂತ್ರ ಎಲ್ಲರ ಬಾಯಲ್ಲಿದೆ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಮುಟ್ಟಿತು. ಆಮೇಲಿನ ದಶಕಗಳಲ್ಲಿ ಅಲ್ಲಿ ಬಡ್ಡಿ ಒಟ್ಟಾರೆ ಇಳಿಯುತ್ತ ಹೋಯಿತು, ಶೂನ್ಯಕ್ಕೂ ಬಂತು. ಸೂಚ್ಯಂಕ ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿ 22ರಂದು. ಮೂವತ್ತನಾಲ್ಕು ವರ್ಷ. ಕೊಂಡ ಬೆಲೆ ದುಬಾರಿಯಾಗಿದ್ದರೆ ಕಡಿಮೆ ಬಡ್ಡಿ ಕಾಪಾಡುವುದಿಲ್ಲ. ಒಂದೇ ದೇಶದ ಷೇರಿನಲ್ಲಿ ಎಲ್ಲವನ್ನೂ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಇದೇ ಉದಾಹರಣೆ.

ಹಾಗಾದರೆ ಷೇರು ಬೇಡವೇ? ಮೂರನೇ ಗುಂಪಿಗೆ ಖಂಡಿತ ಬೇಕು. ಪ್ರಶ್ನೆ ಎಷ್ಟು ಎಂಬುದು. ದೊಡ್ಡ ಕುಸಿತದಲ್ಲಿ ಷೇರು ಅರ್ಧಕ್ಕೆ ಇಳಿಯಬಹುದು ಎಂದೇ ಎಣಿಸಿ. 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ ಅರ್ಧಕ್ಕಿಂತ ಹೆಚ್ಚೇ ಕಳೆದುಕೊಂಡಿತು. ನಿಮ್ಮ ಒಟ್ಟು ಗಂಟಿನಲ್ಲಿ ಎಷ್ಟು ಶೇಕಡಾ ಕರಗಿದರೂ ರಾತ್ರಿ ನಿದ್ದೆ ಬರುತ್ತದೆ? ಹದಿನೈದು ಎಂದರೆ, ಅದರ ಎರಡರಷ್ಟು, ಮೂವತ್ತು, ನಿಮ್ಮ ಷೇರಿನ ಪಾಲು. ಸರ್ಕಾರಿ ಬಾಂಡ್ ಕಡಿಮೆ ಕೊಡುತ್ತದೆ ಎಂಬ ಕಾರಣಕ್ಕೆ ಈ ಮೂವತ್ತನ್ನು ಅರುವತ್ತು ಮಾಡಬೇಡಿ. ಬಾಂಡ್ ದರ ಇಳಿದ ಮಾತ್ರಕ್ಕೆ ನಿಮ್ಮ ತಾಳಿಕೊಳ್ಳುವ ಶಕ್ತಿ ಏರಿರುವುದಿಲ್ಲ. ವರ್ಷಕ್ಕೊಮ್ಮೆ ನೋಡಿ, ಮೂವತ್ತು ಮೂವತ್ತಾರಾಗಿದ್ದರೆ ಆರು ಮಾರಿ ಬಾಂಡ್‌ಗೆ ಹಾಕಿ, ಇಪ್ಪತ್ತನಾಲ್ಕಾಗಿದ್ದರೆ ಬಾಂಡ್‌ನಿಂದ ಷೇರಿಗೆ ತಿರುಗಿ ತನ್ನಿ.

ಬಡ್ಡಿಯ ಬದಲು ಲಾಭಾಂಶ ನೋಡಿ ಷೇರು ಕೊಳ್ಳುವವರಿಗೆ ಒಂದು ಮಾತು. 100 ಬೆಲೆಯ ಷೇರು 4 ಲಾಭಾಂಶ ಕೊಡುತ್ತದೆ, ಶೇ. 4. ಕಂಪನಿಯ ವ್ಯಾಪಾರ ಹದಗೆಟ್ಟು ಬೆಲೆ 50 ಆಯಿತು, ಈಗ ಪಟ್ಟಿಯಲ್ಲಿ ಶೇ. 8 ಎಂದು ಮಿನುಗುತ್ತದೆ. ನೀವು ಕೊಂಡ ಮೇಲೆ ಲಾಭಾಂಶ 2ಕ್ಕೆ ಇಳಿಯುತ್ತದೆ. ಹೆಚ್ಚಿನ ಲಾಭಾಂಶದ ಪಟ್ಟಿಯ ತಲೆಯಲ್ಲಿರುವ ಹೆಸರುಗಳಲ್ಲಿ ಇಂಥವು ಸಾಕಷ್ಟಿರುತ್ತವೆ.

ಚಿನ್ನಕ್ಕೆ ಬಡ್ಡಿಯಿಲ್ಲ, ಅದು ಬೆಲೆಯ ಮೇಲಿನ ನಂಬಿಕೆಯಷ್ಟೇ, ಸಣ್ಣ ಪಾಲಿರಲಿ. ಬಾಡಿಗೆಗೆ ಮನೆ ಕೊಳ್ಳುವವರು ಖಾಲಿ ಬೀಳುವ ತಿಂಗಳು, ದುರಸ್ತಿ, ತೆರಿಗೆ ಕಳೆದ ಮೇಲಿನ ಬಾಡಿಗೆಯನ್ನು ಕೊಂಡ ಬೆಲೆಗೆ ಭಾಗಿಸಿ ನೋಡಲಿ. ಎಷ್ಟೋ ಕಡೆ ಅದು ಸರ್ಕಾರಿ ಬಾಂಡ್‌ಗಿಂತ ಕಡಿಮೆ ಬರುತ್ತದೆ.

ಕಡಿಮೆ ದರದ ಕಾಲದಲ್ಲಿ ಶುಲ್ಕ ದೊಡ್ಡ ಶತ್ರು. ಶೇ. 10 ಗಳಿಸುವಾಗ ಒಂದೂವರೆ ಶುಲ್ಕ ಕಣ್ಣಿಗೆ ಕಾಣುವುದಿಲ್ಲ. ಶೇ. 4ರಲ್ಲಿ ಒಂದೂವರೆ ಹೋದರೆ? ಒಂದು ಲಕ್ಷ ಇಪ್ಪತ್ತು ವರ್ಷದಲ್ಲಿ ಶೇ. 4ರಂತೆ 2,19,112 ಆಗುತ್ತದೆ, ಎರಡೂವರೆಯಂತೆ 1,63,862. ಬರಬೇಕಾದ ಲಾಭದಲ್ಲಿ ಹತ್ತಿರ ಅರ್ಧ ಶುಲ್ಕಕ್ಕೇ ಹೋಯಿತು. ‘ಪ್ರತಿ ತಿಂಗಳು ಖಚಿತ ಆದಾಯ’ ಎನ್ನುವ ಯೋಜನೆಗಳಲ್ಲಿ ಆ ಆದಾಯ ಗಳಿಕೆಯಿಂದ ಬರುತ್ತಿದೆಯೋ ನಿಮ್ಮ ಅಸಲನ್ನೇ ಕತ್ತರಿಸಿ ಕೊಡುತ್ತಿದ್ದಾರೋ ಎಂದು ನೋಡಿ.

ಸಭೆಯಿಂದ ಬಂದ ಒಂದು ಪ್ರಶ್ನೆ: ‘ನಿವೃತ್ತರು ಬಡ್ಡಿಯಿಂದಲೇ ಬದುಕಬೇಕಲ್ಲ, ಅವರೇನು ಮಾಡಬೇಕು?’ ಅಸಲನ್ನು ಮುಟ್ಟಲೇಬಾರದು ಎಂಬ ಹಟ ಬಿಡಬೇಕು, ಅಷ್ಟೇ. 100ರ ಗಂಟಿನಿಂದ ಮೊದಲ ವರ್ಷ 4 ತೆಗೆದು, ಮುಂದೆ ಬೆಲೆ ಏರಿಕೆಯಷ್ಟು ಹೆಚ್ಚಿಸುತ್ತ ಹೋಗಿ. ನಿಮ್ಮ ಹೂಡಿಕೆ ಹಣದುಬ್ಬರದಷ್ಟು ಮಾತ್ರ ಗಳಿಸಿದರೂ 25 ವರ್ಷ ಬರುತ್ತದೆ. ಹಣದುಬ್ಬರಕ್ಕಿಂತ ಒಂದು ಅಂಶ ಹಿಂದೆ ಬಿದ್ದರೆ 22, ಒಂದು ಅಂಶ ಮುಂದೆ ಹೋದರೆ 28. ಈಗ ಗಳಿಕೆ ಹಣದುಬ್ಬರದಷ್ಟೇ ಇರಲಿ, 4ರ ಬದಲು 3.5 ತೆಗೆಯಿರಿ: ಆಗಲೂ 28. ಒಂದು ಅಂಶ ಹೆಚ್ಚು ಬಡ್ಡಿಗಾಗಿ ಹೊರುವ ಅಪಾಯವೂ, ಖರ್ಚಿನಲ್ಲಿ ಎಂಟನೇ ಒಂದು ಪಾಲು ಉಳಿಸುವುದೂ ಇಲ್ಲಿ ಒಂದೇ ತೂಕ. ಎರಡು-ಮೂರು ವರ್ಷದ ಖರ್ಚು ಟ್ರೆಜರಿ ಬಿಲ್‌ನಲ್ಲಿರಲಿ, ಷೇರು ಬಿದ್ದ ವರ್ಷ ಅದನ್ನು ಬಳಸಿ, ಷೇರು ಮಾರಬೇಡಿ.

ವಿಮಾ ಕಂಪನಿಯ ಜೀವಮಾನ ಪಿಂಚಣಿ ಕೊಳ್ಳುವವರು, ಅದರ ದರವೂ ಕೊಂಡ ದಿನದ ಬಾಂಡ್ ದರದಿಂದಲೇ ನಿಗದಿಯಾಗುತ್ತದೆ ಎಂಬುದನ್ನು ಮರೆಯಬಾರದು. ದರ ತಳದಲ್ಲಿರುವಾಗ ಇಡೀ ಗಂಟನ್ನು ಒಮ್ಮೆಗೇ ಕೊಟ್ಟರೆ ಆ ದರಕ್ಕೇ ಬದುಕಿಡೀ ಕಟ್ಟುಬಿದ್ದಂತೆ. ಮೂರು-ನಾಲ್ಕು ಕಂತಿನಲ್ಲಿ, ಒಂದೆರಡು ವರ್ಷ ಬಿಟ್ಟು ಕೊಳ್ಳಿ. ಬಡ್ಡಿದರ ಏರದಿದ್ದರೂ ವಯಸ್ಸು ಏರಿರುತ್ತದೆ. ವಯಸ್ಸು ಹೆಚ್ಚಿದಷ್ಟೂ ಅದೇ ಮೊತ್ತಕ್ಕೆ ಹೆಚ್ಚಿನ ಪಿಂಚಣಿ ಸಿಗುತ್ತದೆ. ಮೊದಲ ಕಂತಿಗೆ ಮುನ್ನ ನಿಮ್ಮ ನಂತರ ಗಂಡನಿಗೋ ಹೆಂಡತಿಗೋ ಅದು ಮುಂದುವರಿಯುತ್ತದೆಯೇ, ಅದಕ್ಕಾಗಿ ಎಷ್ಟು ಕಡಿತವಾಗುತ್ತದೆ, ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚುವ ಆಯ್ಕೆಯಿದೆಯೇ ಎಂದು ಕೇಳಿ, ಉತ್ತರವನ್ನು ಲಿಖಿತದಲ್ಲೇ ಪಡೆಯಿರಿ.